ಮುರಕಲ್ಲಿನ ನೆಲದಲ್ಲಿ ಮರಳುಗಾಡಿನ ಬಂಡಿ



ಮಕ್ಕಳ ಆಟಿಕೆಗಳಲ್ಲಿ ಎರಡು ಬಗೆಗಳನ್ನು ನಾನು ಕಂಡಿದ್ದೇನೆ. ಕೆಟ್ಟರೆ ಎಸೆಯುವಂಥದ್ದು ಒಂದು, ಕೆಟ್ಟರೆ ಬಿಚ್ಚುವಂಥದ್ದು ಇನ್ನೊಂದು. ಹಬ್ಬದ ಸಂತೆಯಲ್ಲಿ ಮುನ್ನೂರು ನಾನೂರು ರೂಪಾಯಿಗೆ ದೊರೆಯುವ ರಿಮೋಟ್ ಕಾರು ಮೊದಲನೆಯ ಬಗೆಯದು. ಕ್ರಿಸ್ಮಸ್ಸಿಗೆ ಮನೆಗೆ ಬಂದು, ಹೊಸ ವರ್ಷದ ಹೊತ್ತಿಗೆ ಒಂದು ಚಕ್ರ ಕಳೆದುಕೊಂಡು ಅಟ್ಟ ಸೇರುವ ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಎರಡನೆಯ ಬಗೆಯ ಬಂಡಿಯೊಂದು ಕೆಲಕಾಲದಿಂದ ನಮ್ಮ ಗುರುನಿವಾಸದ ಹಿಂಬದಿಯ ಜಗಲಿಗೆ ಬಂದು ಹೋಗುತ್ತಿದೆ. ಅದರ ವಿಷಯವನ್ನು ತಮ್ಮೊಡನೆ ಹಂಚಿಕೊಳ್ಳಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ಅದಕ್ಕೆ ಬಗ್ಗಿ ಎಂದು ಹೆಸರು. ನಿಜವಾದ ಗಾಡಿಯ ಹತ್ತನೆಯ ಒಂದು ಪಾಲು ಗಾತ್ರ, ಸುಮಾರು ಒಂದು ಮೊಳ ಉದ್ದ, ಬ್ಯಾಟರಿಯೂ ಸೇರಿ ಒಂದೂವರೆ ಕಿಲೋ ತೂಕ. ಕೈಯಲ್ಲಿ ಹಿಡಿದ ರಿಮೋಟಿನ ರೇಡಿಯೊ ಸಂಕೇತಕ್ಕೆ ಅದು ಓಡುತ್ತದೆ, ತಿರುಗುತ್ತದೆ, ನಿಲ್ಲುತ್ತದೆ. ಮೇಲಿನ ತೆಳುವಾದ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದು ನೋಡಿದರೆ ತಾವು ಬೆರಗಾಗುವಿರಿ. ತಮ್ಮ ಮನೆಯ ಕಾರಿನಲ್ಲಿರುವುದೆಲ್ಲ ಅಲ್ಲಿಯೂ ಉಂಟು: ನಾಲ್ಕು ಚಕ್ರಗಳಿಗೂ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್, ಹಿಂದಿನ ಎರಡು ಚಕ್ರಗಳಿಗೆ ಶಕ್ತಿಯನ್ನು ಹಂಚುವ ಡಿಫರೆನ್ಷಿಯಲ್, ಬೆರಳುಗುರಿನಷ್ಟು ದೊಡ್ಡ ಬೇರಿಂಗ್‌ಗಳು. ಪೆಟ್ರೋಲಿನ ಬದಲಿಗೆ ಬ್ಯಾಟರಿ, ಅಷ್ಟೇ.

ಬಗ್ಗಿ ಹುಟ್ಟಿದ್ದು ಮರಳಿಗಾಗಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಬ್ರೂಸ್ ಮೈಯರ್ಸ್ ಎಂಬವರು ಫೋಕ್ಸ್‌ವ್ಯಾಗನ್ ಕಾರಿನ ಯಂತ್ರಭಾಗಗಳಿಗೆ ಫೈಬರ್‌ಗ್ಲಾಸಿನ ಹಗುರ ಮೈಯನ್ನು ಜೋಡಿಸಿ 1964ರಲ್ಲಿ ಮರಳುದಿಬ್ಬಗಳ ಮೇಲೆ ಓಡಬಲ್ಲ ಗಾಡಿಯೊಂದನ್ನು ಕಟ್ಟಿದರು. ಅಂತಹ ಗಾಡಿಗಳ ಚಿಕ್ಕ ರೂಪಗಳನ್ನು ಜಪಾನಿನ ತಮಿಯಾ ಕಂಪನಿ 1979ರಲ್ಲಿ ರಫ್ ರೈಡರ್, ಸ್ಯಾಂಡ್ ಸ್ಕಾರ್ಚರ್ ಎಂಬ ಹೆಸರುಗಳಲ್ಲಿ ಮಾರುಕಟ್ಟೆಗೆ ತಂದಿತು. 1984ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಕಂಪನಿಯ ಹೊನ್ನಬಣ್ಣದ ಅಲ್ಯೂಮಿನಿಯಂ ತಳದ ಆರ್‌ಸಿ10 ಬಂದ ಮೇಲೆ ಇದು ಗಂಭೀರ ಪಂದ್ಯವೇ ಆಯಿತು. ಮರುವರ್ಷ ಕ್ಯಾಲಿಫೋರ್ನಿಯದಲ್ಲಿ ಅದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಈ ಪಂದ್ಯಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ಪದ್ಧತಿಯಿದೆ. ಕ್ಲಬ್ಬುಗಳಲ್ಲಿ ಒಬ್ಬನ ಓಟ ಮುಗಿದ ಕೂಡಲೇ ಅವನು ರಿಮೋಟನ್ನು ಕೆಳಗಿಟ್ಟು ಮೈದಾನಕ್ಕಿಳಿಯಬೇಕು. ಮುಂದಿನ ಗುಂಪಿನವರ ಬಂಡಿಗಳು ಮಗುಚಿ ಬಿದ್ದರೆ ಎತ್ತಿ ನಿಲ್ಲಿಸುವ ಕೆಲಸ ಅವನದು. ಗೆದ್ದವನಿಗೂ ಅದರಿಂದ ವಿನಾಯಿತಿಯಿಲ್ಲ.

ನಮ್ಮ ಧರ್ಮಕೇಂದ್ರದಲ್ಲಿ, ಕರಾವಳಿಯ ಇತರ ಕಡೆಗಳಂತೆಯೇ, ಮನೆಯ ಯಜಮಾನ ಕೊಲ್ಲಿ ರಾಷ್ಟ್ರದಲ್ಲಿರುವ ಕುಟುಂಬಗಳು ಅನೇಕ. ಅಂಥದ್ದೊಂದು ಮನೆಯ ತಂದೆ ಕುವೈತಿನಲ್ಲಿ ವರ್ಕ್‌ಶಾಪ್ ಮೆಕ್ಯಾನಿಕ್. ಶುಕ್ರವಾರದ ರಜೆಯಲ್ಲಿ ಸಹೋದ್ಯೋಗಿಗಳೊಡನೆ ಊರ ಹೊರಗಿನ ಮರಳಿನಲ್ಲಿ ಬಗ್ಗಿ ಓಡಿಸುವುದು ಅವರಿಗಿದ್ದ ಏಕೈಕ ವಿನೋದ. ಎರಡು ವರ್ಷಕ್ಕೊಮ್ಮೆ ಮೂವತ್ತು ದಿನಗಳ ರಜೆ. ಅಂತಹ ಒಂದು ರಜೆಯಲ್ಲಿ ತಮ್ಮ ಹಳೆಯ ಜಪಾನಿ ಬಗ್ಗಿಯನ್ನು ಮಗನಿಗೆಂದು ತಂದುಕೊಟ್ಟರು. ಹುಡುಗ ಅದನ್ನು ಶಾಲಾ ಮೈದಾನದಲ್ಲಿ ಮನದಣಿಯೆ ಓಡಿಸಿದ. ಮಳೆ ಹಿಡಿಯುವ ಮುನ್ನ ಒಂದು ದಿನ ಅದು ಕಿರ್ರೆಂದು ಕಿರುಚಿ ನಿಂತಿತು. ಒಂದಿಡೀ ಮಳೆಗಾಲ ಮಂಚದ ಕೆಳಗೆ ಗೋಣಿಚೀಲದಲ್ಲಿ ಬಿದ್ದಿತ್ತು.

ತಾಯಿ ನನ್ನ ಬಳಿ ಬಂದದ್ದು ಬಂಡಿಯ ದೂರು ಹೊತ್ತಲ್ಲ. “ಫಾದರ್, ಇವನು ಪಪ್ಪನೊಡನೆ ಮಾತೇ ಆಡುವುದಿಲ್ಲ. ಫೋನು ಕೊಟ್ಟರೆ ಹೂಂ, ಉಹೂಂ ಎಂದು ಮುಗಿಸುತ್ತಾನೆ” ಎಂದರು. ತಾವು ವಿದೇಶದಲ್ಲಿ ದುಡಿಯುವವರ ಮನೆಯವರಾಗಿದ್ದರೆ ಆ ಫೋನ್ ಕರೆಗಳನ್ನು ಬಲ್ಲಿರಿ. ಊಟವಾಯಿತೇ, ಪರೀಕ್ಷೆಯಲ್ಲಿ ಎಷ್ಟು ಬಂತು, ಅಜ್ಜಿ ಮಾತ್ರೆ ತೆಗೆದುಕೊಂಡರೇ. ಮೂರು ಪ್ರಶ್ನೆ, ಮೂರು ಉತ್ತರ. ಬಳಿಕ ಎರಡೂ ಕಡೆ ಮೌನ, ಆಮೇಲೆ ‘ಅಮ್ಮನಿಗೆ ಕೊಡು’. ಪ್ರೀತಿಯ ಕೊರತೆಯಿಂದ ಹೀಗಾಗುತ್ತದೆಂದು ನಾನು ನಂಬುವುದಿಲ್ಲ. ಇಬ್ಬರ ಮುಂದೆಯೂ ಒಂದೇ ವಸ್ತು ಇಲ್ಲದಿದ್ದಾಗ ಮಾತಿಗೆ ಕಾಲೂರಲು ನೆಲವಿರುವುದಿಲ್ಲ.

ಗುರುಮಠದಲ್ಲಿದ್ದಾಗ ನನಗೆ ವಹಿಸಿದ್ದ ಕೆಲಸ ಪಂಪ್‌ಸೆಟ್ ಮತ್ತು ಜನರೇಟರುಗಳ ಉಸ್ತುವಾರಿ. ಕೈಗೆ ಗ್ರೀಸ್ ಹತ್ತಿದರೆ ಇಂದಿಗೂ ನನಗೆ ಸಂತೋಷವೇ. ಶನಿವಾರ ಧರ್ಮೋಪದೇಶದ ತರಗತಿ ಮುಗಿದ ಮೇಲೆ ಆ ಗೋಣಿಚೀಲವನ್ನು ತರುವಂತೆ ಹುಡುಗನಿಗೆ ಹೇಳಿದೆ.

ಮೊದಲು ಕೈಗೆ ಬಂದದ್ದು ಬ್ಯಾಟರಿ. ಈಗಿನ ಬಗ್ಗಿಗಳಲ್ಲಿ ಲಿಥಿಯಂ ಪಾಲಿಮರ್ ಎಂಬ ಬಗೆಯ ಬ್ಯಾಟರಿ ಸಾಮಾನ್ಯ. ಅದರ ಒಂದೊಂದು ಕೋಶವೂ ಪೂರ್ಣ ತುಂಬಿದಾಗ 4.2 ವೋಲ್ಟ್, ಬಳಸುವಾಗ 3 ವೋಲ್ಟಿಗಿಂತ ಕೆಳಗಿಳಿಯಬಾರದು, ವಾರಗಟ್ಟಲೆ ಇಡುವುದಾದರೆ 3.8ರ ಸುಮಾರಿನಲ್ಲಿರಬೇಕು. ಬಂಡಿಯೊಳಗೆ ಸಿಕ್ಕಿಸಿದಂತೆಯೇ ಮಳೆಗಾಲ ಕಳೆದ ಅದು ಹೋಳಿಗೆಯಂತೆ ಉಬ್ಬಿಕೊಂಡಿತ್ತು. ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಾರದು, ಚುಚ್ಚಬಾರದು, ಕಸದ ಬುಟ್ಟಿಗೆ ಹಾಕಬಾರದು. ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ತಲುಪಿಸಿದೆವು. ಹೊಸದನ್ನು ಯಾರಾದರೂ ಎದುರಿಗಿದ್ದು, ಸಿಮೆಂಟಿನ ನೆಲದ ಮೇಲಿಟ್ಟು ಮಾತ್ರ ಚಾರ್ಜ್ ಮಾಡಬೇಕು. ಹಾಸಿಗೆಯ ಮೇಲಲ್ಲ, ರಾತ್ರಿ ಮಲಗಿದ ಮೇಲಲ್ಲ. ಇದನ್ನು ಗುರುಗಳ ಉಪದೇಶವೆಂದು ತಾವು ಬದಿಗಿಡಬಾರದು, ಇದು ಬೆಂಕಿಯ ವಿಷಯ.

ಅನಂತರ ಮಣ್ಣು. ನಮ್ಮ ಕಡೆಯ ಮುರಕಲ್ಲಿನ ಕೆಂಪು ಧೂಳು ಎಷ್ಟು ನುಣುಪೆಂಬುದನ್ನು ಬಿಳಿ ನಿಲುವಂಗಿ ತೊಡುವ ನನಗೆ ಯಾರೂ ಹೇಳಬೇಕಾಗಿಲ್ಲ. ಚಕ್ರವನ್ನು ಹಿಡಿದಿರುವ ಆರ್ಮ್ ಮೇಲೆ ಕೆಳಗೆ ಆಡುವುದು ಒಂದು ಉಕ್ಕಿನ ಕಡ್ಡಿಯ ಮೇಲೆ. ಅದು ಬಿಗಿಯಾಗಿದೆಯೆಂದು ಹುಡುಗ ಅಜ್ಜಿಯ ಹೊಲಿಗೆ ಯಂತ್ರದ ಎಣ್ಣೆಯನ್ನು ಹೊಯ್ದಿದ್ದ. ಎಣ್ಣೆ ಧೂಳನ್ನು ಕರೆಯಿತು, ಧೂಳೂ ಎಣ್ಣೆಯೂ ಸೇರಿ ಸಾಣೆ ಹಿಡಿಯುವ ಗಸಿಯಾಯಿತು. ಧೂಳಿನಲ್ಲಿ ಓಡುವ ಬಗ್ಗಿಯ ಈ ಕೀಲುಗಳಿಗೆ ಎಣ್ಣೆ ಕೂಡದು. ಕಡ್ಡಿಯನ್ನು ಹೊರಗೆಳೆದು ಒರೆಸಿ ಒಣಗಿಸಿ ಹಾಕಬೇಕು. ಶಾಕ್ ಅಬ್ಸಾರ್ಬರನ್ನು ಕಳಚಿ ಆರ್ಮನ್ನು ಮೇಲೆತ್ತಿ ಬಿಟ್ಟರೆ ತನ್ನ ಭಾರದಿಂದಲೇ ಅದು ತಟ್ಟನೆ ಕೆಳಗೆ ಬೀಳಬೇಕು. ಬಿದ್ದರೆ ಕೀಲು ಸರಿಯಿದೆ. ಬೇರಿಂಗಿನ ಪರೀಕ್ಷೆಯೂ ಇಷ್ಟೇ ಸರಳ. ಬೆರಳಿನ ತುದಿಯಲ್ಲಿಟ್ಟು ತಿರುಗಿಸಿದರೆ ಸದ್ದಿಲ್ಲದೆ ಸುತ್ತಬೇಕು, ಅಕ್ಕಿಯಲ್ಲಿ ಕಲ್ಲು ಸಿಕ್ಕಂತೆ ಕರಕರ ಎನ್ನಬಾರದು. ನಾಲ್ಕು ಬೇರಿಂಗ್‌ಗಳು ತುಕ್ಕು ಹಿಡಿದು ಹೋಗಿದ್ದವು. ಉಳಿದವನ್ನು ತೊಳೆದು ಒಂದೊಂದು ತೊಟ್ಟು ತೆಳು ಎಣ್ಣೆ ಕೊಟ್ಟೆವು. ಹಳೆಯ ಹಲ್ಲುಜ್ಜುವ ಬ್ರಷ್ಷು, ಬಣ್ಣ ಬಳಿಯುವ ಬ್ರಷ್ಷು, ಒಂದು ಹಳೆಯ ಬನಿಯನ್ನು: ನಮ್ಮ ಉಪಕರಣಗಳು ಇಷ್ಟೇ.

ಸ್ಕ್ರೂಗಳ ಬಳಿ ನಾವು ತಡೆದು ನಿಂತೆವು. ಪಂಪ್‌ಸೆಟ್ಟಿನ ಸ್ಕ್ರೂಡ್ರೈವರ್ ಆ ಜಪಾನಿ ಸ್ಕ್ರೂಗಳ ತಲೆಯಿಂದ ಜಾರುತ್ತಿತ್ತು. “ಪಪ್ಪನನ್ನೇ ಕೇಳು” ಎಂದೆ. ಹುಡುಗ ನನ್ನ ಮುಖ ನೋಡಿದ, ಬಳಿಕ ಫೋನು ಹಚ್ಚಿದ. ಆ ಕಡೆಯಿಂದ ಬಂದದ್ದು ಸವಿಸ್ತಾರವಾದ ಪಾಠ. ಜಪಾನಿನ ಅಡ್ಡಗೀರು ಸ್ಕ್ರೂಗಳ ಅಚ್ಚೇ ಬೇರೆ, ಅದಕ್ಕೆ ತಕ್ಕ ಸ್ಕ್ರೂಡ್ರೈವರ್ ಪೆಟ್ಟಿಗೆಯ ತಳದಲ್ಲಿದೆ. ಪ್ಲಾಸ್ಟಿಕ್ಕಿಗೆ ಸ್ಕ್ರೂ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಬೇಕು, ಹಳೆಯ ಜಾಡಿಗೆ ಟಕ್ಕೆಂದು ಕೂರುವುದು ಕೈಗೆ ತಿಳಿಯುತ್ತದೆ, ಆಮೇಲೆ ಮುಂದಕ್ಕೆ. ಮೋಟಾರಿನ ಚಿಕ್ಕ ಗೇರನ್ನು ದೊಡ್ಡ ಗೇರಿಗೆ ಹೊಂದಿಸುವಾಗ ನಡುವೆ ಒಂದು ಕಾಗದದ ಚೂರನ್ನು ಸಿಕ್ಕಿಸಿ ಒತ್ತಿ ಬಿಗಿ ಮಾಡಬೇಕು, ಕಾಗದ ತೆಗೆದರೆ ಹಲ್ಲುಗಳ ನಡುವೆ ಬೇಕಾದಷ್ಟೇ ಸಡಿಲ ಉಳಿಯುತ್ತದೆ. ಆ ಕರೆ ಇಪ್ಪತ್ತೆರಡು ನಿಮಿಷ ನಡೆಯಿತು. ಊಟವಾಯಿತೇ ಎಂದು ಯಾರೂ ಕೇಳಲಿಲ್ಲ.

ಹೀಗೆ ಬಂಡಿ ಎದ್ದು ನಿಂತಿತು. ಆದರೆ ಸರಿಯಾಗಿ ಓಡಲಿಲ್ಲ. ನನ್ನ ದೃಷ್ಟಿಯಲ್ಲಿ ಈ ವೃತ್ತಾಂತದ ತಿರುಳು ಇಲ್ಲಿಂದಲೇ ಆರಂಭ.

ದುರಸ್ತಿ ಬೇರೆ, ಹದಗೊಳಿಸುವುದು ಬೇರೆ. ದುರಸ್ತಿಯಲ್ಲಿ ಮುರಿದದ್ದು ಕಣ್ಣಿಗೆ ಕಾಣುತ್ತದೆ. ಹದ ಮಾಡುವಾಗ ಏನೂ ಮುರಿದಿರುವುದಿಲ್ಲ, ಆದರೂ ಬಂಡಿ ನೆಲಕ್ಕೆ ಹೊಂದುವುದಿಲ್ಲ. ನಮ್ಮ ಬಗ್ಗಿ ನೇರ ದಾರಿಯಲ್ಲಿ ಕುಪ್ಪಳಿಸುತ್ತಿತ್ತು, ತಿರುವಿನಲ್ಲಿ ವೇಗ ಕೊಟ್ಟೊಡನೆ ಹಿಂಭಾಗ ಜಾರಿ ಗಿರಕಿ ಹೊಡೆಯುತ್ತಿತ್ತು. ಅದರ ಒಂದೊಂದು ಅಂಗವೂ ಕುವೈತಿನ ಸಡಿಲ ಮರಳಿಗೆಂದು ಹದವಾಗಿತ್ತು. ಹಿಂದಿನ ಟೈರುಗಳ ಮೇಲೆ ದೋಣಿಯ ಹುಟ್ಟಿನಂತಹ ಅಡ್ಡಪಟ್ಟಿಗಳು. ಮರಳನ್ನು ಬಾಚಿ ಹಿಂದಕ್ಕೆ ತಳ್ಳಲು ಅವು ಬೇಕು. ಗಟ್ಟಿ ನೆಲದಲ್ಲಿ ಅವೇ ಪಟ್ಟಿಗಳು ಬಂಡಿಯನ್ನು ಕುಣಿಸುತ್ತವೆ. ಅಲ್ಲಿ ಬೇಸಿಗೆಯ ಸಂಜೆಯೂ ಕುದಿಯುತ್ತಿರುವುದರಿಂದ, ಬಿಸಿಗೆ ತೆಳುವಾಗುವುದನ್ನು ಲೆಕ್ಕಹಾಕಿ ಶಾಕ್ ಅಬ್ಸಾರ್ಬರಿಗೆ ಮಂದವಾದ ಎಣ್ಣೆ ತುಂಬಿದ್ದರು. ನಮ್ಮ ಜನವರಿಯ ಬೆಳಗಿನ ತಂಪಿನಲ್ಲಿ ಆ ಎಣ್ಣೆ ಜೇನಿನಂತೆ ನಿಂತು, ಸಣ್ಣ ಕಲ್ಲು ಎದುರಾದಾಗ ಚಕ್ರ ಮೇಲೇಳಲು ಬಿಡುತ್ತಿರಲಿಲ್ಲ.

ಇದೆಲ್ಲ ಈಗ ಬರೆಯುವಾಗ ಸ್ಪಷ್ಟವಾಗಿದೆ. ಆಗ ಫೋನಿನ ಆ ತುದಿಯಿಂದ ಆಜ್ಞೆಗಳು ಬರುತ್ತಿದ್ದವು. ಸ್ಪ್ರಿಂಗ್ ಬಿಗಿ ಮಾಡು, ಹಿಂದಿನ ಚಕ್ರಗಳ ಮೂಗನ್ನು ಇನ್ನಷ್ಟು ಒಳಕ್ಕೆ ತಿರುಗಿಸು. ಹುಡುಗ ಹೇಳಿದಂತೆ ಮಾಡುತ್ತಿದ್ದ, ಬಂಡಿ ಇನ್ನಷ್ಟು ಕುಪ್ಪಳಿಸುತ್ತಿತ್ತು. “ಪಪ್ಪಾ, ಈ ನೆಲಕ್ಕೆ ಅದು ಆಗುವುದಿಲ್ಲ” ಎಂದಾಗ ಬಂದ ಉತ್ತರವನ್ನು ನಾನೂ ಕೇಳಿಸಿಕೊಂಡೆ: “ಆ ಮೈದಾನ ನನಗೆ ಗೊತ್ತಿಲ್ಲವೇನೋ? ನಾನು ಹತ್ತು ವರ್ಷ ಆಡಿ ಬೆಳೆದ ಮೈದಾನ.”

ಅವರ ಮಾತು ಸುಳ್ಳಲ್ಲ. ಅವರು ಆಡಿ ಬೆಳೆದ ಮೈದಾನದಲ್ಲಿ ಹುಲ್ಲಿತ್ತು, ಮೆದು ಮಣ್ಣಿತ್ತು, ಒಂದು ಬದಿಗೆ ಗೇರುಮರಗಳ ನೆರಳಿತ್ತು. ಅವರು ವಿದೇಶಕ್ಕೆ ಹೋದ ಮೇಲೆ ಶಾಲೆಗೆ ಹೊಸ ಕಟ್ಟಡ ಬಂತು, ಗುಡ್ಡದ ಬದಿಯನ್ನು ಕಡಿದು ಮೈದಾನಕ್ಕೆ ಮುರಕಲ್ಲಿನ ಹುಡಿ ತುಂಬಿ ರೋಲರ್ ಓಡಿಸಿದರು. ಈಗಿನದು ಬೇಸಿಗೆಯಲ್ಲಿ ಹಂಚಿನಂತೆ ಗಟ್ಟಿ, ಮೇಲೆ ಬಟಾಣಿಗಾತ್ರದ ಸಡಿಲ ಹರಳು. ರಜೆಗೆ ಬಂದಾಗಲೆಲ್ಲ ಅವರು ಅದನ್ನು ನೋಡಿದ್ದಾರೆ, ಆದರೆ ಮದುವೆ, ನಾಮಕರಣ, ಬ್ಯಾಂಕು, ಆಸ್ಪತ್ರೆ ಎಂದು ಓಡಾಡುವ ಮೂವತ್ತು ದಿನಗಳಲ್ಲಿ ಯಾರು ನೆಲವನ್ನು ಮುಟ್ಟಿ ನೋಡುತ್ತಾರೆ? ದೂರದಲ್ಲಿರುವವರ ಮನಸ್ಸಿನಲ್ಲಿ ಊರು ಅವರು ಬಿಟ್ಟುಹೋದ ದಿನದ್ದಾಗಿಯೇ ಉಳಿಯುತ್ತದೆ. ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಆದರೆ ಹದಿಮೂರು ವರ್ಷದ ಹುಡುಗನ ಮಟ್ಟಿಗೆ ‘ನನಗೆ ಗೊತ್ತಿದೆ’ ಎಂಬ ಆ ಒಂದು ಮಾತಿನಲ್ಲಿ ಬಾಗಿಲು ಮುಚ್ಚಿಕೊಂಡಿತು. ಎರಡು ಶನಿವಾರ ಅವನು ಜಗಲಿಯತ್ತ ಬರಲಿಲ್ಲ.

ಮೂರನೆಯ ಶನಿವಾರ ಬಂದಾಗ ಅವನು ತನ್ನದೇ ಒಂದು ಉಪಾಯದೊಡನೆ ಬಂದ. ತಾಯಿಯ ಮೊಬೈಲನ್ನು ನೆಲಕ್ಕೆ ತಾಗಿಸಿ ಹಿಡಿದು, ಬಂಡಿ ತನ್ನೆಡೆಗೆ ಓಡಿ ಬರುವುದನ್ನು ನಿಧಾನಗತಿಯ ವಿಡಿಯೊ ಮಾಡಲು ನನ್ನನ್ನು ಬೇಡಿಕೊಂಡ. ತಾವು ಎಂದಾದರೂ ರಿಮೋಟ್ ಬಂಡಿ ಓಡಿಸಿದ್ದರೆ ಬಲ್ಲಿರಿ, ಬಂಡಿ ನಮ್ಮಿಂದ ದೂರ ಹೋಗುವಾಗ ಎಡ ಎಡವೇ, ನಮ್ಮೆಡೆಗೆ ಬರುವಾಗ ಎಡ ಬಲವಾಗುತ್ತದೆ. ಮನಸ್ಸನ್ನು ಬಂಡಿಯೊಳಗೆ ಕೂರಿಸದೆ ಓಡಿಸುವುದು ಸಾಧ್ಯವಿಲ್ಲ. ಆ ವಿಡಿಯೊದಲ್ಲಿ ಎಲ್ಲವೂ ಇತ್ತು: ಚಕ್ರ ಹರಳಿನ ಮೇಲೆ ಹತ್ತಿ ಗಾಳಿಯಲ್ಲೇ ನಿಲ್ಲುವುದು, ಟೈರಿನ ಪಟ್ಟಿಗಳು ಗಟ್ಟಿ ನೆಲಕ್ಕೆ ಬಡಿಯುವುದು, ಕೆಂಪು ಹುಡಿ ಏಳುವುದು.

ಕಳುಹಿಸಿದ ಅರ್ಧ ಗಂಟೆಗೆ ಕರೆ ಬಂತು. ಅವರು ಮೊದಲಿಗೆ ಬಂಡಿಯ ಸುದ್ದಿ ಎತ್ತಲಿಲ್ಲ. “ಗೇರುಮರ ಒಂದೂ ಇಲ್ಲವಲ್ಲ?” ಎಂದರು. “ಇಲ್ಲ ಪಪ್ಪಾ, ನಾನು ಹುಟ್ಟುವ ಮೊದಲೇ ಕಡಿದರಂತೆ” ಎಂದ ಹುಡುಗ. ಸ್ವಲ್ಪ ಹೊತ್ತು ಆ ಕಡೆ ಏರ್ ಕಂಡೀಷನರಿನ ಸದ್ದು ಮಾತ್ರ ಕೇಳುತ್ತಿತ್ತು. ಬಳಿಕ ಅವರೆಂದರು: “ಸರಿ. ನೀನು ಹೇಳು. ಏನಾಗುತ್ತಿದೆ?”

ಆ ದಿನದಿಂದ ಕೆಲಸದ ಕ್ರಮವೇ ಬದಲಾಯಿತು. ತಂದೆ ಕಾರಣಗಳನ್ನು ಹೇಳುವರು, ಮಗ ನೆಲವನ್ನು ಹೇಳುವನು. ಒಂದು ಬಾರಿಗೆ ಒಂದೇ ಬದಲಾವಣೆ ಎಂಬ ಕಟ್ಟುನಿಟ್ಟನ್ನು ತಂದೆ ವಿಧಿಸಿದರು. ಎರಡನ್ನು ಒಟ್ಟಿಗೆ ಬದಲಿಸಿದರೆ ಒಳಿತಾದದ್ದು ಯಾವುದರಿಂದ, ಕೆಡುಕಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಹುಡುಗ ಗಣಿತದ ಹಳೆಯ ನೋಟ್ ಪುಸ್ತಕವನ್ನು ತಿರುವಿ ಹಿಂದಿನಿಂದ ಬರೆಯತೊಡಗಿದ: ದಿನ, ಹೊತ್ತು, ನೆಲ ಒಣವೋ ತೇವವೋ, ಏನು ಬದಲಿಸಿದ್ದು, ಏನಾಯಿತು. ಮೊದಲು ಟೈರು, ಏಕೆಂದರೆ ನೆಲವನ್ನು ಮುಟ್ಟುವುದು ಅದೊಂದೇ. ಗಿಡ್ಡ ಮುಳ್ಳುಗಳ ಟೈರನ್ನು ಬೆಂಗಳೂರಿನಿಂದ ತರಿಸಿದೆವು. ಕುಪ್ಪಳಿಸುವುದು ಅರ್ಧ ನಿಂತಿತು. ಆಮೇಲೆ ಶಾಕ್ ಅಬ್ಸಾರ್ಬರಿನ ಎಣ್ಣೆ, 45ರ ಬದಲಿಗೆ 30. ಅದನ್ನು ತುಂಬುವ ಕೆಲಸ ತಾಳ್ಮೆಯನ್ನು ಬೇಡುತ್ತದೆ. ಎಣ್ಣೆ ಹೊಯ್ದು ಒಳಗಿನ ಪಿಸ್ಟನ್ನನ್ನು ಮೆಲ್ಲನೆ ಮೇಲೆ ಕೆಳಗೆ ಆಡಿಸಿ, ಸಾಸಿವೆಯಂತಹ ಗಾಳಿಗುಳ್ಳೆಗಳು ಒಂದೊಂದಾಗಿ ಮೇಲೇರಿ ಒಡೆಯುವವರೆಗೆ ಕಾದು, ಬಳಿಕ ಮುಚ್ಚಳ ಹಾಕಬೇಕು. ಒಂದು ಗುಳ್ಳೆ ಉಳಿದರೂ ಎಡಬಲಗಳು ಒಂದೇ ಸಮ ಆಡುವುದಿಲ್ಲ. ಇಬ್ಬರೂ ಮಾತಿಲ್ಲದೆ ಗುಳ್ಳೆ ನೋಡುತ್ತ ಕುಳಿತ ಆ ಸಂಜೆಗಳು ನನಗೆ ವಿಶ್ರಾಂತಿಯೇ ಆಗಿದ್ದವು.

ಕೊನೆಗೆ ಬಂಡಿಯ ನಿಲುವು. ಒಂದಡಿ ಎತ್ತರದಿಂದ ಕೆಳಗೆ ಬಿಟ್ಟರೆ ಅದು ಕುಗ್ಗಿ ಎದ್ದು, ಆರ್ಮ್‌ಗಳು ನೆಲಕ್ಕೆ ಸಮಾನಾಂತರವಾಗಿ ನಿಲ್ಲಬೇಕು. ಚಕ್ರಗಳ ತಲೆ ಒಂದೆರಡು ಡಿಗ್ರಿ ಒಳಕ್ಕೆ ವಾಲಿರಬೇಕು, ತಿರುವಿನಲ್ಲಿ ಮೈ ಹೊರಳಿದಾಗ ಆಗ ಟೈರು ನೆಲಕ್ಕೆ ಪೂರ್ತಿ ಕೂರುತ್ತದೆ. ಅಳೆಯಲು ಹುಡುಗನ ಜಾಮಿಟ್ರಿ ಬಾಕ್ಸಿನ ಸೆಟ್‌ಸ್ಕ್ವೇರ್ ಸಾಕಾಯಿತು. ಅವನ ಗಣಿತದ ಅಂಕಗಳು ಇದರಿಂದ ಏರಿದವೆಂದು ಹೇಳಲು ನನಗೂ ಆಸೆಯೇ, ಆದರೆ ಏರಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ತಂದೆ ರಜೆಗೆ ಬಂದರು. ಭಾನುವಾರದ ಬಲಿಪೂಜೆಯ ಬಳಿಕ ನೇರವಾಗಿ ಮೈದಾನಕ್ಕೆ ನಡೆದರು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮೊಣಕಾಲೂರಿ, ಹರಳನ್ನು ಅಂಗೈಯಲ್ಲಿ ತಿಕ್ಕಿ ನೋಡಿದರು. ಮಗ ಓಡಿಸಿದ. ಬಂಡಿ ನೇರಕ್ಕೆ ನೇರವಾಗಿ ಹೋಯಿತು, ಚರಂಡಿಯ ಬದಿಯ ದಿಬ್ಬದಿಂದ ಹಾರಿ ನಾಲ್ಕು ಚಕ್ರಗಳ ಮೇಲೆ ಇಳಿಯಿತು. ತಂದೆ ರಿಮೋಟ್ ತೆಗೆದುಕೊಂಡರು. ಎರಡು ಸುತ್ತು ಹಾಕಿ ಅಭ್ಯಾಸಬಲದಿಂದ ಹಿಂದಿನ ಸ್ಪ್ರಿಂಗಿನ ಕಾಲರಿಗೆ ಕೈ ಹಾಕಿದಾಗ, “ಪಪ್ಪಾ, ಅದನ್ನು ಮುಟ್ಟಬೇಡಿ, ಮಧ್ಯಾಹ್ನ ನೆಲ ಕಾದ ಮೇಲೆ ನೋಡುವ” ಎಂದ ಹುಡುಗ. ಅವರು ಕೈ ತೆಗೆದರು. ಮೂರನೆಯ ಸುತ್ತಿನಲ್ಲಿ ಬಂಡಿ ಮಗುಚಿತು. ಮಗ ಓಡಿ ಹೋಗಿ ಎತ್ತಿ ನಿಲ್ಲಿಸಿ ಬಂದ. ಆ ಬಳಿಕ ಸರದಿಯ ಪ್ರಕಾರ ಒಬ್ಬರು ಓಡಿಸುವುದು, ಇನ್ನೊಬ್ಬರು ಬಿಸಿಲಿನಲ್ಲಿ ನಿಂತು ಎತ್ತುವುದು. ಊಟಕ್ಕೆ ಕರೆಯಲು ಅಜ್ಜಿ ಮೂರು ಬಾರಿ ಆಳು ಕಳುಹಿಸಬೇಕಾಯಿತು.

ಹೊರಡುವ ಹಿಂದಿನ ದಿನ ಅವರು ಹುಟ್ಟಿನಂತಹ ಆ ಹಳೆಯ ಟೈರುಗಳನ್ನು ಸೂಟ್‌ಕೇಸಿಗೆ ಹಾಕಿಕೊಂಡರು. ಅಲ್ಲಿ ಸ್ನೇಹಿತರೊಬ್ಬರಿಗೆ ಬೇಕಂತೆ. ನೋಟ್ ಪುಸ್ತಕದ ಪುಟಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ಚಿತ್ರ ತೆಗೆದುಕೊಂಡರು.

ಈಗ ಮೇ ತಿಂಗಳು. ಮುಂದಿನ ಬಲಗಡೆಯ ಆರ್ಮಿನಲ್ಲಿ ಸಣ್ಣದೊಂದು ಬಿರುಕು ಕಾಣಿಸಿಕೊಂಡಿದೆ, ಹೊಸದು ಬರಬೇಕು. ಮೊದಲ ಮಳೆಗೆ ಮೈದಾನದ ಮೇಲ್ಪದರ ಮೆತ್ತಗಾಗುತ್ತದೆ, ಆಗ ಗಿಡ್ಡ ಮುಳ್ಳಿನ ಟೈರು ಸಾಕೇ, ಉದ್ದನೆಯದು ಬೇಕೇ ಎಂದು ಕುವೈತಿನಿಂದ ಪ್ರಶ್ನೆ ಬಂದು ಒಂದು ವಾರವಾಯಿತು. ಹುಡುಗ ಇನ್ನೂ ಉತ್ತರ ಕಳುಹಿಸಿಲ್ಲ. “ಮಳೆ ಬೀಳಲಿ ಫಾದರ್, ನೆಲ ನೋಡಿ ಹೇಳುತ್ತೇನೆ” ಎನ್ನುತ್ತಾನೆ.